ಬಾಲಬೋಧೆಯನ್ನು ಹೀಗಳೆಯುವವರಿಗೆ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮೊಮ್ಮಗ ಬಿಟ್ಟುಹೋಗಿದ್ದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪ್ರವೇಶ ಪೆಟ್ಟಿಗೆ ಮೇಜಿನ ಮೇಲಿತ್ತು. ಅದನ್ನು ಕಂಡು ನಕ್ಕ. “ಇದು ಮಕ್ಕಳಿಗೆ, ಸಾರ್. ಅರ್ಧಂಬರ್ಧ ನಿಯಮಗಳು. ಆಡುವುದಾದರೆ ದೊಡ್ಡ ಪುಸ್ತಕ ಓದಿಯೇ ಆಡಬೇಕು” ಎಂದ. ಮನೆಗೆ ಬಂದವನೊಡನೆ ವಾದವೇಕೆಂದು ಕಾಫಿ ಕೊಟ್ಟು ಕಳುಹಿಸಿದೆ. ಆದರೆ ಮೂವತ್ತಾರು ವರ್ಷ ಪಾಠ ಹೇಳಿದವನಿಗೆ ಆ ಮಾತು ನುಂಗಲಾರದ ತುತ್ತಾಯಿತು. ಅವನಿಗೆ ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆಂದು ಬಲ್ಲೆ.

ತಿಳಿಯದವರಿಗಾಗಿ ಎರಡು ಮಾತು. ಇದು ಪಾತ್ರ ವಹಿಸಿ ಆಡುವ ಆಟ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತಿರುತ್ತಾರೆ. ಅವರಲ್ಲೊಬ್ಬ ನಿರ್ವಾಹಕ, ಸನ್ನಿವೇಶವನ್ನು ವರ್ಣಿಸುವುದು ಅವನ ಕೆಲಸ. ಉಳಿದವರು ತಂತಮ್ಮ ಪಾತ್ರ ಏನು ಮಾಡುತ್ತದೆಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಅದು ಫಲಿಸುವುದೋ ಇಲ್ಲವೋ ಎಂಬ ಸಂದೇಹ ಬಂದಾಗ ಇಪ್ಪತ್ತು ಮುಖಗಳ ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯದ ಅಂಕವನ್ನು ಕೂಡಿಸಬೇಕು. ಗೊತ್ತುಪಡಿಸಿದ ಸಂಖ್ಯೆಯನ್ನು ಮುಟ್ಟಿದರೆ ಗೆಲುವು. ತಾಳಮದ್ದಳೆಯ ಅರ್ಥಗಾರಿಕೆಗೆ ದಾಳ ಸೇರಿಸಿದಂತೆ ಎಂದರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾದೀತು.

ಎರಡು ವರ್ಷಗಳ ಹಿಂದೆ ಮೊಮ್ಮಗ ಅಮೆರಿಕದಿಂದ ರಜೆಗೆ ಬಂದಾಗ ಆ ದೊಡ್ಡ ಪುಸ್ತಕವನ್ನೇ ತಂದಿದ್ದ: 2014ರ ಆವೃತ್ತಿಯ ಆಟಗಾರರ ಕೈಪಿಡಿ, 320 ಪುಟ. “ಅಜ್ಜ, ಇದನ್ನು ಓದಿಕೊಂಡಿರು, ಆಮೇಲೆ ಆಡೋಣ” ಎಂದ. ಪಾತ್ರಗಳ ಕುಲಗಳ ಅಧ್ಯಾಯ ಮುಗಿದು ವೃತ್ತಿಗಳ ಅಧ್ಯಾಯ ತೆರೆಯುವಷ್ಟರಲ್ಲಿ ನಾನು ಕನ್ನಡಕ ತೆಗೆದಿಟ್ಟೆ. ಆ ರಜೆಯಲ್ಲಿ ನಾವು ಆಡಲೇ ಇಲ್ಲ. ಹುಡುಗ ಏನನ್ನೂ ಹೇಳದೆ ಪುಸ್ತಕವನ್ನು ಸೂಟ್‌ಕೇಸಿಗೆ ಹಾಕಿಕೊಂಡು ಹೊರಟುಹೋದ.

ಮರುವರ್ಷ ಅದೇ ಆವೃತ್ತಿಯ ಪ್ರವೇಶ ಪೆಟ್ಟಿಗೆ ತಂದ. ನಿಯಮಗಳಿಗೆ 32 ಪುಟ, ಆಡಿಸಬೇಕಾದ ಕಥೆಗೆ 64 ಪುಟ, ಸಿದ್ಧಪಡಿಸಿದ ಐದು ಪಾತ್ರಗಳು, ಆರು ದಾಳಗಳು. ಅರ್ಧ ಗಂಟೆಯೊಳಗೆ ನಾನು ಕುಬ್ಜ ಕುಲದ ಅರ್ಚಕನಾಗಿದ್ದೆ. ಸರಕಿನ ಗಾಡಿಯೊಡನೆ ಹೊರಟ ನಮ್ಮ ದಾರಿಯಲ್ಲಿ ಎರಡು ಸತ್ತ ಕುದುರೆಗಳು! ಪೊದೆಗಳ ಮರೆಯಲ್ಲಿ ಶತ್ರುಗಳು! ಅಂದು ರಾತ್ರಿ ನಾವು ಊಟಕ್ಕೆ ಎದ್ದಾಗ ಹತ್ತೂವರೆ.

ಈಗ ಹೇಳಿ, ಅರ್ಧಂಬರ್ಧವಾದದ್ದು ಯಾವುದು? ಕೊನೆಯವರೆಗೆ ಓದಿಸಿಕೊಳ್ಳದ 320 ಪುಟಗಳೇ, ಅದೇ ಸಂಜೆ ಆಡಿಸಿದ 32 ಪುಟಗಳೇ?

ಈ ಆಟದ ಚರಿತ್ರೆಯೇ ನನ್ನ ಪಕ್ಷಕ್ಕೆ ಸಾಕ್ಷಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಮೂರು ಕಿರುಹೊತ್ತಗೆಗಳಾಗಿ ಹೊರತಂದರು. ಯುದ್ಧದ ಆಟಗಳಲ್ಲಿ ಪಳಗಿದವರೇ ಓದುಗರೆಂದು ಅವು ಭಾವಿಸಿದ್ದವು. ‘ಚೈನ್‌ಮೇಲ್’ ಎಂಬ ಹಿಂದಿನ ಆಟದ ನಿಯಮಗಳು ಕೈಯಲ್ಲಿರಬೇಕೆಂದೂ ಬಯಸುತ್ತಿದ್ದವು. ಹೊಸಬರ ಪಾಡನ್ನು ಕಂಡು 1977ರಲ್ಲಿ ಎರಿಕ್ ಹೋಮ್ಸ್ ಎಂಬ ವೈದ್ಯರು 48 ಪುಟಗಳ ಪ್ರವೇಶ ಪುಸ್ತಕವನ್ನು ಸಂಪಾದಿಸಿದರು. 1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ಇನ್ನೂ ಮುಂದೆ ಹೋದರು. ಅವರ ಪುಸ್ತಕ ಒಬ್ಬನೇ ಕುಳಿತ ಓದುಗನಿಗೆ ಮೊದಲು ಕಥೆ ಹೇಳುತ್ತದೆ. ನೀನೊಬ್ಬ ಯೋಧ, ಗುಹೆ ಹೊಕ್ಕಿದ್ದೀಯೆ, ಹಾವು ಎದುರಾಗಿದೆ. ಅಲೀನಾ ಎಂಬ ಅರ್ಚಕಿಯ ಸ್ನೇಹವಾಗುತ್ತದೆ. ಬಾರ್ಗಲ್ ಎಂಬ ಮಾಂತ್ರಿಕ ಅವಳನ್ನು ಕೊಲ್ಲುತ್ತಾನೆ. ಕಥೆ ಮುಗಿಯುವ ಹೊತ್ತಿಗೆ ಓದುಗನಿಗೆ ಹೋರಾಟದ ನಿಯಮಗಳ ಪರಿಚಯವಾಗಿರುತ್ತದೆ, ಪಾಠ ನಡೆದದ್ದೇ ಗೊತ್ತಾಗಿರುವುದಿಲ್ಲ. ಬಿ.ಎಡ್. ಓದಿದ ನಾನು ಇದಕ್ಕಿಂತ ಒಳ್ಳೆಯ ಪಾಠಯೋಜನೆಯನ್ನು ಹೆಚ್ಚಾಗಿ ಕಂಡಿಲ್ಲ.

ಎದುರು ಪಕ್ಷದ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ದೊಡ್ಡ ಪುಸ್ತಕವನ್ನು ಕತ್ತರಿಸಿ ಅಂಟಿಸಿದ ಪ್ರವೇಶಿಕೆಗಳೂ ಇರುತ್ತವೆ. ಮೊಮ್ಮಗ ತಂದ ಪೆಟ್ಟಿಗೆಯಲ್ಲಿ ಸ್ವಂತ ಪಾತ್ರವನ್ನು ರಚಿಸುವ ವಿಧಾನವಿರಲಿಲ್ಲ, ಅದು ಕೊರತೆಯೇ. ಆದರೆ ಅದೇ ವರ್ಷ ಪ್ರಕಾಶಕರು ಪಾತ್ರರಚನೆಯನ್ನೂ ಒಳಗೊಂಡ ಮೂಲ ನಿಯಮಗಳನ್ನು ಉಚಿತವಾಗಿ ಕೊಟ್ಟಿದ್ದರು. ‘ಇವೆಲ್ಲ ಜಾಹೀರಾತು’ ಎನ್ನುವವರಿದ್ದಾರೆ. ‘ಕಾಲ್ ಆಫ್ ಕ್ತುಲೂ’ ಎಂಬ ಭಯಾನಕ ಕಥೆಗಳ ಆಟದ ನಿರ್ವಾಹಕರ ಪುಸ್ತಕ 400 ಪುಟಗಳನ್ನು ಮೀರುತ್ತದೆ. ಅದರ ಶೀಘ್ರಪ್ರವೇಶ ನಿಯಮಗಳು ಉಚಿತ, ಜೊತೆಗೆ ದೆವ್ವದ ಮನೆಯ ಒಂದು ಪೂರ್ಣ ಕಥೆ. ಒಂದು ಸಂಜೆಯ ಆಟವನ್ನು ಪೂರ್ತಿಯಾಗಿ ಕೊಡುವ ಜಾಹೀರಾತಿಗೆ ನನ್ನ ಆಕ್ಷೇಪವಿಲ್ಲ.

ಚೆನ್ನೆಮಣೆಯನ್ನು ನಾವು ಯಾರೂ ಪುಸ್ತಕ ಓದಿ ಕಲಿಯಲಿಲ್ಲ. ಅಜ್ಜಿ ಪಕ್ಕದಲ್ಲಿ ಕುಳಿತು ಮೊದಲ ಕಾಳನ್ನು ಹಾಕಿಸಿದಳು. ಉಳಿದ ಸೂಕ್ಷ್ಮಗಳು ಸೋತು ಸೋತು ತಿಳಿದವು. ಹಾಗೆ ಕಲಿಸುವ ಹಿರಿಯರಿಲ್ಲದ ಮನೆಯಲ್ಲಿ ಪ್ರವೇಶ ಪುಸ್ತಕವೇ ಆ ಅಜ್ಜಿ. ಅದನ್ನು ಹಾಸ್ಯ ಮಾಡುವವರಿಗೆ ಯಾವನೋ ಹಾಸ್ಟೆಲ್ ಗೆಳೆಯ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಿರುತ್ತಾನೆ. ತಾವು ದೊಡ್ಡ ಪುಸ್ತಕದಿಂದಲೇ ಕಲಿತೆವೆಂದು ಅವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

ನನಗೇಕೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ಈ ತಪ್ಪನ್ನು ನಾನೇ ಮಾಡಿದ್ದೇನೆ. ವೃತ್ತಿಯ ಮೊದಲ ವರ್ಷ ಎಂಟನೆಯ ತರಗತಿಗೆ ಸಂಧಿ ಸೂತ್ರಗಳಿಂದಲೇ ಪಾಠ ಆರಂಭಿಸಿದ್ದೆ. ಕೇಶಿರಾಜನನ್ನು ಆಗಷ್ಟೇ ಓದಿ ಬಂದ ಹುಮ್ಮಸ್ಸು. ಪ್ರಸಂಗಗಳನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದ ಹುಡುಗನೊಬ್ಬ ಮೂರು ತಿಂಗಳ ನಂತರ ಎದ್ದು ನಿಂತು, “ನನಗೆ ಕನ್ನಡ ಬರುವುದಿಲ್ಲ, ಸಾರ್” ಎಂದ. ಹೇಳಿದ್ದು ಅಚ್ಚ ಕನ್ನಡದಲ್ಲಿ! ದಸರಾ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಆ ಮಾತನ್ನು ಅವನಿಂದ ಆಡಿಸಿದವನು ನಾನು.

ಆದ್ದರಿಂದ, ಪ್ರಿಯ ಶಿಷ್ಯ, ದೊಡ್ಡ ಪುಸ್ತಕದ ಮೇಲೆ ನನಗೆ ದ್ವೇಷವಿಲ್ಲ. ಈಗ ಬೇಕೆನಿಸಿದಾಗ ಅದನ್ನು ತೆರೆದು ನೋಡುತ್ತೇನೆ. ಹಾಗೆ ಬೇಕೆನಿಸುವಂತೆ ಮಾಡಿದ್ದು ಆ ಪುಟ್ಟ ಪೆಟ್ಟಿಗೆ. ಮುಂದಿನ ರಜೆಗೆ ಮೊಮ್ಮಗ ಮತ್ತೆ ಬರುತ್ತಾನೆ. ಐದು ಪಾತ್ರಗಳಲ್ಲಿ ಕಳ್ಳನ ಪಾತ್ರ ಇನ್ನೂ ಖಾಲಿಯಿದೆ. ನೀನೂ ಬಾ, ನಿನಗೆ ಒಪ್ಪುತ್ತದೆ. ಪಕ್ಕದ ಮನೆಯ ಹುಡುಗಿಯೂ ಮೊದಲ ಬಾರಿಗೆ ಆಡಲು ಬರುತ್ತಾಳೆ. ಅವಳೆದುರು ಮಾತ್ರ ‘ಇದು ಅರ್ಧಂಬರ್ಧ’ ಎನ್ನಬೇಡ.