ಅಕಾರಕ್ಕೆ ಐದನೆಯ ಸ್ಥಾನ

ಮಗುವೊಂದು ಶಾಲೆಗೆ ಸೇರಿತೆಂದರೆ ಮನೆಯ ಹಿರಿಯರಿಗೆಲ್ಲ ಪರೀಕ್ಷಕರ ಪದವಿ ತಾನಾಗಿಯೇ ಪ್ರಾಪ್ತವಾಗುತ್ತದೆ. ಸಂಜೆ ಮಗು ಚೀಲವನ್ನು ಇಳಿಸುವುದೇ ತಡ, ಅಜ್ಜನವರು ಮಗ್ಗಿ ಹೇಳಿಸತೊಡಗುತ್ತಾರೆ. ತಂದೆ ಪತ್ರಿಕೆಯ ತಲೆಬರಹದ ಮೇಲೆ ಬೆರಳಿಟ್ಟು ಓದೆನ್ನುತ್ತಾರೆ. ನೆಂಟರು ಬಂದರಂತೂ ಮಗುವಿಗೆ ಬಿಡುಗಡೆಯೇ ಇಲ್ಲ. ಈ ಗೃಹಪರೀಕ್ಷೆಗಳಲ್ಲಿ ಮೊದಲನೆಯ ಪ್ರಶ್ನೆ ಮಾತ್ರ ತಲೆಮಾರುಗಳಿಂದ ಬದಲಾಗಿಲ್ಲ: “ಎಲ್ಲಿ, ಅ ಆ ಇ ಈ ಹೇಳು ನೋಡೋಣ.”

ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಯುವ ಮಗು ಮೊದಲ ದಿನಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಲಾರದೆ ತಬ್ಬಿಬ್ಬಾಗುವುದುಂಟು. ಅದರ ಬಾಯಲ್ಲಿ ಬರುವುದು “ರ ಗ ಸ ದ ಅ” ಎಂಬ ವಿಚಿತ್ರವಾದ ಮಾಲೆ. ಆ ಮಾಲೆ ಮುಗಿದ ಮೇಲೆ “ಜ ವ ಮ ಬ ನ.” ಅಕ್ಷರಗಳ ಅಧಿಪತಿಯೆನಿಸಿದ ಅಕಾರಕ್ಕೆ ಇಲ್ಲಿ ಐದನೆಯ ಸ್ಥಾನ! ಹಿರಿಯರಿಗೆ ಇದು ಕೊಂಚ ಆಘಾತವೇ ಸರಿ. “ಸರ್ಕಾರಿ ಶಾಲೆಯಲ್ಲಿ ಅ ಆ ಇ ಈ ಕೂಡ ಹೇಳಿಕೊಡುವುದಿಲ್ಲವೇ?” ಎಂದು ಮುಖ ಸಿಂಡರಿಸುವವರೂ ಉಂಟು. ಆದರೆ ತೀರ್ಪು ಕೊಡುವ ಮೊದಲು ಆ ಐದಕ್ಷರಗಳನ್ನು ಒಂದು ಕಾಗದದ ಮೇಲೆ ಬರೆದು, ಅವುಗಳಿಂದ ಎಷ್ಟು ಮಾತುಗಳು ಹುಟ್ಟುತ್ತವೆಂದು ನೋಡಬೇಕು. ಸರ, ರಸ, ದರ, ಅಗಸ, ಅರಸ, ಗರಗಸ, ಸರಸ, ದಸರ! ಕೊಂಬು, ಕೊಂಡಿ, ಇಳಿ, ಒತ್ತು ಯಾವುದೂ ಬೇಡ. ಐದೇ ಐದು ಅಕ್ಷರ ಬಲ್ಲ ಮಗು, ಅರಸನಿಂದ ಅಗಸನವರೆಗೆ ಒಂದು ಪುಟ್ಟ ಸಮಾಜವನ್ನೇ ಓದಿಬಿಡುತ್ತದೆ.

ನಮ್ಮ ವರ್ಣಮಾಲೆಯ ಕ್ರಮ ಅಜ್ಞಾನಿಗಳು ಮಾಡಿದ್ದಲ್ಲ. ಅದು ಧ್ವನಿಶಾಸ್ತ್ರದ ಒಂದು ಅದ್ಭುತ. ಕಂಠದಲ್ಲಿ ಹುಟ್ಟುವ ಕಕಾರದಿಂದ ಹೊರಟು, ತಾಲುವನ್ನೂ ಮೂರ್ಧವನ್ನೂ ಹಲ್ಲುಗಳನ್ನೂ ಮುಟ್ಟಿ, ತುಟಿಗಳಲ್ಲಿ ಹುಟ್ಟುವ ಪಕಾರದ ವರ್ಗದವರೆಗೆ, ಬಾಯಿಯೊಳಗಿನ ಒಂದು ಯಾತ್ರೆಯೇ ಅದರಲ್ಲಿ ಅಡಗಿದೆ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನಂತಹ ವೈಯಾಕರಣನಿಗೆ ಈ ಕ್ರಮ ಜೀವಾಳ. ನಿಘಂಟನ್ನು ತೆರೆಯುವವನಿಗೂ ಅದು ಬೇಕೇ ಬೇಕು. ಆದರೆ ಆರು ವರ್ಷದ ಮಗು ವೈಯಾಕರಣನೂ ಅಲ್ಲ, ನಿಘಂಟುಕಾರನೂ ಅಲ್ಲ. ಅದಕ್ಕೆ ಬೇಕಾದುದು ಓದಿದೊಡನೆ ಅರ್ಥವಾಗುವ ಒಂದು ಮಾತು. ಸ್ವರಗಳನ್ನೆಲ್ಲ ಸಾಲಾಗಿ ಕಲಿತರೂ, ಬೆರಳು ಮಾಡಿ ತೋರಿಸುವ ‘ಆ’, ‘ಈ’ಗಳನ್ನು ಬಿಟ್ಟರೆ ಮಗುವಿನ ಕೈಗೆ ಹೆಚ್ಚೇನೂ ಸಿಗದು. ಋಕಾರವೊಂದಕ್ಕಾಗಿ, ಪಾಪ, ಋಷಿಯೊಬ್ಬನು ತಪಸ್ಸನ್ನು ಬಿಟ್ಟು ಬಾಲಬೋಧೆಗಳಲ್ಲೆಲ್ಲ ಬಂದು ಕುಳಿತುಕೊಳ್ಳಬೇಕಾಗಿದೆ. ಇನ್ನು ‘ಙ’ ಎಂಬುದರಿಂದ ಮೊದಲಾಗುವ ಒಂದು ವಸ್ತುವನ್ನು ಮನೆಯಲ್ಲೆಲ್ಲಾದರೂ ಹುಡುಕಿ ಕೊಟ್ಟವರಿಗೆ ಬಹುಮಾನವನ್ನೇ ಕೊಡಬಹುದು! ವರ್ಣಮಾಲೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದು ಮೊದಲ ಹೆಜ್ಜೆಯಾಗಬೇಕೇ, ಓದು ಕೈಹಿಡಿದ ಮೇಲೆ ಬರಬೇಕೇ ಎಂಬುದಷ್ಟೇ ಪ್ರಶ್ನೆ.

ಈ ಪದ್ಧತಿ ರಾಜಧಾನಿಯ ಕಚೇರಿಯಲ್ಲಿ ಹುಟ್ಟಿದ್ದಲ್ಲ ಎಂಬುದು ಗಮನಾರ್ಹವಾದ ಸಂಗತಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು ಕಬಿನಿಯ ನೀರು, ನಾಗರಹೊಳೆಯ ಕಾಡುಗಳ ಮಗ್ಗುಲಿನ ನಾಡು. ಅಲ್ಲಿನ ಕೆಲವು ಮಂದಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು 1995ರಲ್ಲಿ ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಗೆ ಹೋಗಿಬಂದರು. ಅಲ್ಲಿ ಸುತ್ತಮುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಲ್ಲಿ, ಬೇರೆ ಬೇರೆ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು, ತಮ್ಮ ತಮ್ಮ ಹೆಜ್ಜೆಯಲ್ಲಿ ಚಿತ್ರಪತ್ರಗಳನ್ನು ಹಿಡಿದು ಕಲಿಯುವುದನ್ನು ಕಂಡರು. ಊರಿಗೆ ಮರಳಿದ ಮೇಲೆ ತಾವೇ ಕುಳಿತು ಕನ್ನಡಕ್ಕೆ ಬೇಕಾದ ಚಿತ್ರ, ಹಾಡು, ಕಥೆ, ಲೆಕ್ಕಗಳನ್ನು ಹೊಂದಿಸಿದರು. ಯುನಿಸೆಫ್ ಸಂಸ್ಥೆ ನೆರವು ನೀಡಿತು. ಹೀಗೆ ಒಂದು ತಾಲ್ಲೂಕಿನಲ್ಲಿ ಬೇರೂರಿದ ಗಿಡ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ, ಮರುವರ್ಷ ಮೂರನೆಯ ತರಗತಿಗೂ ಹಬ್ಬಿತು. ಉಪಾಧ್ಯಾಯರಿಗೆ ಮೇಲಿನವರು ಹೇಳಿಕೊಡುವುದೇ ವಾಡಿಕೆಯಾದ ನಾಡಿನಲ್ಲಿ, ಕಾಡಂಚಿನ ಉಪಾಧ್ಯಾಯರಿಂದ ಇಲಾಖೆಯೇ ಪಾಠ ಕಲಿತದ್ದು ಅಪರೂಪದ ಘಟನೆ.

ನಲಿ-ಕಲಿ ಕೊಠಡಿಯನ್ನು ಹೊಕ್ಕವರಿಗೆ ಮೊದಲು ಕಾಣುವುದು ಕಾಣದಿರುವ ವಸ್ತುಗಳು. ಸಾಲುಬೆಂಚುಗಳಿಲ್ಲ, ಮೇಜಿನ ಹಿಂದೆ ಬೆತ್ತ ಹಿಡಿದ ಮೂರ್ತಿಯಿಲ್ಲ. ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಸುತ್ತುವರಿದು ಕುಳಿತಿರುತ್ತಾರೆ. ಒಂದು ಗುಂಪಿಗೆ ಉಪಾಧ್ಯಾಯಿನಿಯ ಪೂರ್ಣ ನೆರವು ಬೇಕು. ಇನ್ನೊಂದಕ್ಕೆ ಅಷ್ಟಿಷ್ಟು ಸಾಕು. ಮತ್ತೊಂದರಲ್ಲಿ ಬಲ್ಲ ಮಗು ಅರಿಯದ ಮಗುವಿಗೆ ತೋರಿಸಿಕೊಡುತ್ತದೆ. ಕೊನೆಯದರಲ್ಲಿ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವೇ ಅಭ್ಯಾಸದಲ್ಲಿ ಮಗ್ನರು. ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ, ಕಪ್ಪು ಬಣ್ಣ ಬಳಿದು ಹಲಗೆ ಮಾಡಿದ್ದಾರೆ. ಬಳಪ ಹಿಡಿದವರೆಲ್ಲ ಅದರ ಒಡೆಯರು. ತಲೆಯ ಮೇಲೆ ದಾರಗಳನ್ನು ಕಟ್ಟಿ ಹೆಣೆದ ಚಪ್ಪರ. ಅದರಿಂದ ಮಕ್ಕಳು ಬರೆದ ಚಿತ್ರಗಳೂ ಮಡಿಸಿದ ಕಾಗದದ ಹಕ್ಕಿಗಳೂ ತೂಗಾಡುತ್ತವೆ.

ಗೋಡೆಯ ಮೇಲೆ ‘ಕಲಿಕಾ ಏಣಿ’ಯೊಂದಿದೆ. ಮೆಟ್ಟಿಲು ಮೆಟ್ಟಿಲಿಗೂ ಪ್ರಾಣಿ, ಪಕ್ಷಿ ಮೊದಲಾದ ಚಿತ್ರದ ಗುರುತು. ಕೆಲವು ಮೆಟ್ಟಿಲುಗಳು ಸೇರಿದರೆ ಒಂದು ‘ಮೈಲಿಗಲ್ಲು’. ಇನ್ನೂ ಓದಲರಿಯದ ಮಗು ಕೂಡ ಏಣಿಯನ್ನು ನೋಡಿ, ನಿನ್ನೆ ತಾನು ಎಲ್ಲಿ ನಿಂತಿದ್ದೆನೆಂದು ತಿಳಿದು, ಇಂದು ಬೇಕಾದ ಪತ್ರವನ್ನು ತಾನೇ ಆರಿಸಿ ತರುತ್ತದೆ. ಒಂದರಲ್ಲಿ ಹಾಡು, ಒಂದರಲ್ಲಿ ಆಟ, ಒಂದರಲ್ಲಿ ತಿದ್ದುವ ಕೆಲಸ, ಮುಂದಿನದರಲ್ಲಿ ಕಲಿತದ್ದು ನಿಂತಿದೆಯೇ ಎಂದು ನೋಡುವ ಸಣ್ಣ ಪರೀಕ್ಷೆ. ಪರೀಕ್ಷೆಯೆಂಬ ಭಯವೇ ಇಲ್ಲದೆ ಪರೀಕ್ಷೆ ಮುಗಿದುಹೋಗುತ್ತದೆ. ನಿಂತಿಲ್ಲವೆಂದಾದರೆ ಅದೇ ಮೆಟ್ಟಿಲಿನಲ್ಲಿ ಇನ್ನಷ್ಟು ಅಭ್ಯಾಸ. ಹಿಂದೆ ಉಳಿದೆಯೆಂದು ಹೀಯಾಳಿಸುವ ಸಂದರ್ಭವಿಲ್ಲ.

ಲೆಕ್ಕದ ಪಾಠವೂ ಹೀಗೆಯೇ. ಹಿಂದಿನ ಕೂಲಿಮಠಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಹುಡುಗರು ಉಚ್ಚಸ್ವರದಲ್ಲಿ ಉರುಹೊಡೆಯುತ್ತಿದ್ದರು. ಬಾಯಿಲೆಕ್ಕದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅದರ ಗುಣವನ್ನು ಅಲ್ಲಗಳೆಯಲಾಗದು. ಆದರೆ ಹದಿಮೂರು ಎಂದರೆ ‘ಒಂದು, ಮೂರು’ ಏಕೆ, ಎಂಬುದು ಉರುಹೊಡೆದವರಿಗೆಲ್ಲ ತಿಳಿದಿತ್ತೆಂದು ಹೇಳಲಾಗದು. ಇಲ್ಲಿ ಮಗು ಹುಣಿಸೆಬೀಜಗಳನ್ನು ಎಣಿಸುತ್ತದೆ. ಹತ್ತು ಕಡ್ಡಿಗಳನ್ನು ಕೂಡಿಸಿ ಒಂದು ಕಟ್ಟು ಕಟ್ಟುತ್ತದೆ. ಒಂದು ಕಟ್ಟು, ಮೂರು ಬಿಡಿಕಡ್ಡಿ: ಹದಿಮೂರು. ಇಪ್ಪತ್ತೆರಡರಿಂದ ಐದನ್ನು ಕಳೆಯಬೇಕಾದಾಗ ಬಿಡಿಕಡ್ಡಿ ಸಾಲದೆ ಕಟ್ಟನ್ನೇ ಬಿಚ್ಚಬೇಕಾಗುತ್ತದೆ. ‘ದಶಕ ತೆಗೆದುಕೊಳ್ಳುವುದು’ ಎಂಬ ಮಂತ್ರದ ಅರ್ಥ ಆ ದಾರ ಬಿಚ್ಚಿದ ಕ್ಷಣದಲ್ಲಿ ಬೆರಳಿಗೇ ತಿಳಿಯುತ್ತದೆ. ಪರಿಸರದ ಪಾಠಕ್ಕಂತೂ ಬಾಗಿಲ ಹೊರಗೆ ಬಂದರೆ ಸಾಕು. ಮೋಡವೋ ಬಿಸಿಲೋ ಮಳೆಯೋ ಎಂದು ನೋಡಿ ಹವಾಮಾನದ ಪಟ್ಟಿಯಲ್ಲಿ ಗುರುತು ಹಾಕುವುದು ಮಕ್ಕಳ ನಿತ್ಯಕರ್ಮ.

ಒಬ್ಬ ವಿದ್ಯಾರ್ಥಿ ಇನ್ನೊಬ್ಬನಿಗೆ ಕಲಿಸುವುದೆಂದರೆ ಕೆಲವರಿಗೆ ಉಪಾಧ್ಯಾಯರು ಕೆಲಸ ತಪ್ಪಿಸಿಕೊಳ್ಳುವ ಉಪಾಯದಂತೆ ಕಾಣಬಹುದು. ನಮ್ಮ ನಾಡಿಗೆ ಅದು ಹಳೆಯ ಪರಿಚಯ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಇಲ್ಲಿಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ಆರಂಭಿಸಿದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಆತ ಪ್ರಕಟಿಸಿದ ವರದಿಯಿಂದ ಅದು ‘ಮದರಾಸು ಪದ್ಧತಿ’ಯೆಂದು ಇಂಗ್ಲೆಂಡಿನಲ್ಲಿ ಖ್ಯಾತಿ ಪಡೆಯಿತು. ಆದರೆ ಅಲ್ಲಿ ದೊಡ್ಡ ಹುಡುಗನು ಚಿಕ್ಕ ಅಧಿಕಾರಿಯಾಗಿದ್ದ. ನಲಿ-ಕಲಿಯಲ್ಲಿ ಮೂರನೆಯ ತರಗತಿಯ ಹುಡುಗಿ ಒಂದನೆಯ ತರಗತಿಯ ಪುಟ್ಟನಿಗೆ ಅಕ್ಷರ ತಿದ್ದಿಸುವಾಗ ಅವಳು ಅಕ್ಕ ಮಾತ್ರ. ತಿದ್ದಿಸುತ್ತ ತಿದ್ದಿಸುತ್ತ ಅವಳ ಅಕ್ಷರವೂ ದುಂಡಾಗುತ್ತದೆ.

ಇಷ್ಟೆಲ್ಲ ಏರ್ಪಾಡು ಯಾರಿಗಾಗಿ? ಹೆಗ್ಗಡದೇವನಕೋಟೆಯ ಹಾಡಿಗಳನ್ನು ನೆನೆದರೆ ಉತ್ತರ ದೊರೆಯುತ್ತದೆ. ಚಳಿಗಾಲದಲ್ಲಿ ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲು ಆರಂಭವಾಗುತ್ತಲೇ ಜೇನುಕುರುಬರೇ ಮೊದಲಾದವರ ಅನೇಕ ಸಂಸಾರಗಳು ಕೂಲಿಗಾಗಿ ಅತ್ತ ಹೊರಡುತ್ತವೆ. ಮಕ್ಕಳೂ ಜೊತೆಯಲ್ಲಿ ಹೋಗುತ್ತಾರೆ. ವಾರಗಳು ಕಳೆದು ಮರಳಿ ಬಂದಾಗ ಸಾಮಾನ್ಯ ತರಗತಿಯಲ್ಲಿ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಹಿಂದಿನ ಬೆಂಚಿನಲ್ಲಿ ಏನೂ ತಿಳಿಯದೆ ನಾಲ್ಕು ದಿನ ಕುಳಿತ ಮಗು ಐದನೆಯ ದಿನ ಬರುವುದಿಲ್ಲ. ಶಾಲೆ ಬಿಟ್ಟ ಮಕ್ಕಳೆಂದು ವರದಿಗಳಲ್ಲಿ ಬರೆಯುವವರ ಪೈಕಿ ಎಷ್ಟೋ ಮಂದಿಯನ್ನು ನಿಜವಾಗಿ ಪಾಠವೇ ಬಿಟ್ಟು ಮುಂದೆ ಹೋಗಿರುತ್ತದೆ. ಏಣಿಯ ಕ್ರಮದಲ್ಲಿ ಹಾಗಿಲ್ಲ. ಮಗು ಹೊರಟ ದಿನ ಯಾವ ಪತ್ರ ಹಿಡಿದಿತ್ತೋ ಅದು ತಟ್ಟೆಯಲ್ಲಿಯೇ ಇರುತ್ತದೆ. ಬಂದು, ಎತ್ತಿಕೊಂಡು, ಮುಂದುವರಿಯಬಹುದು.

ಹಾಗೆಂದು ಎಲ್ಲವೂ ಸುಸೂತ್ರವೆಂದು ಭಾವಿಸಲಾಗದು. ಮೂರು ತರಗತಿಗಳನ್ನು ಒಂದೇ ಕೊಠಡಿಗೆ ಸೇರಿಸುವುದರಲ್ಲಿ ಶಿಕ್ಷಣತತ್ತ್ವದ ಜೊತೆಗೆ ಉಪಾಧ್ಯಾಯರ ಕೊರತೆಯೂ ಕೈಗೂಡಿಸಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು. ತರಗತಿಗಳು ಐದು, ಉಪಾಧ್ಯಾಯರು ಇಬ್ಬರು. ಒಬ್ಬರು ರಜೆ ಹಾಕಿದರೆ ಒಬ್ಬರೇ. ಇಂತಹ ಶಾಲೆಗೆ ಬಹುತರಗತಿಯ ಬೋಧನೆ ಇಷ್ಟವಲ್ಲ, ಅನಿವಾರ್ಯ. ಅನಿವಾರ್ಯವಾದುದನ್ನು ಸೊಗಸಾಗಿ ಮಾಡಿದ್ದಾರೆಂಬುದು ನಲಿ-ಕಲಿಯ ಹಿರಿಮೆ. ಆದುದರಿಂದ ಉಪಾಧ್ಯಾಯರು ಕಡಿಮೆ ಸಾಕೆಂದು ವಾದಿಸಿದರೆ ಅದು ಆ ಹಿರಿಮೆಗೆ ಬಗೆದ ದ್ರೋಹ. ಮೂವತ್ತು ಮಕ್ಕಳು ಮೂವತ್ತು ಮೆಟ್ಟಿಲುಗಳಲ್ಲಿ ನಿಂತಿರುವಾಗ ಪ್ರತಿಯೊಬ್ಬರ ಪ್ರಗತಿಯನ್ನೂ ಗುರುತು ಹಾಕಿಡುವುದು ಸುಲಭದ ದುಡಿಮೆಯಲ್ಲ. ಕೈಯಿಂದ ಕೈಗೆ ಹೋಗುವ ಪತ್ರಗಳು ಹರಿಯುತ್ತವೆ, ಕಳೆಯುತ್ತವೆ. ಏಣಿಯಲ್ಲಿ ಒಂದು ಮೆಟ್ಟಿಲು ಇಲ್ಲವಾದರೆ ಮಗು ಜಿಗಿಯಬೇಕು, ಇಲ್ಲವೆ ನಿಲ್ಲಬೇಕು.

ಇದಕ್ಕಿಂತ ಗಂಭೀರವಾದ ತೊಡಕು ನಾಲ್ಕನೆಯ ತರಗತಿಯ ಹೊಸ್ತಿಲಲ್ಲಿದೆ. ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ತನ್ನ ಹೆಜ್ಜೆಯಲ್ಲಿ ನಡೆದ ಮಗು ಅಲ್ಲಿಂದ ಮುಂದೆ ಪಠ್ಯಪುಸ್ತಕದ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಮೈಲಿಗಲ್ಲುಗಳನ್ನೆಲ್ಲ ದಾಟಿ ಬಂದವರು ಹೇಗೋ ಹೊಂದಿಕೊಳ್ಳುತ್ತಾರೆ. ಆದರೆ ಕಾಫಿ ಕೊಯ್ಲಿಗೆ ಹೋಗಿ ಬಂದ ಮಗು ಜೂನ್ ತಿಂಗಳಲ್ಲಿ ಇನ್ನೂ ಎರಡನೆಯ ತರಗತಿಯ ಮೆಟ್ಟಿಲಿನಲ್ಲಿದ್ದರೆ? ದಾಖಲೆ ಪುಸ್ತಕದಲ್ಲಿ ಅದು ನಾಲ್ಕನೆಯ ತರಗತಿ. ಪತ್ರದ ತಟ್ಟೆ ಮಾತ್ರ ಹಿಂದಿನ ಕೊಠಡಿಯಲ್ಲಿಯೇ ಉಳಿಯಿತು. ಮೂರನೆಯ ತರಗತಿ ಮುಗಿಸುವ ಪ್ರತಿಯೊಂದು ಮಗುವೂ ಅರ್ಥವರಿತು ಓದಬೇಕು, ಮೂಲ ಲೆಕ್ಕಗಳನ್ನು ಮಾಡಬೇಕು ಎಂಬ ಧ್ಯೇಯವನ್ನು ಕೇಂದ್ರ ಸರ್ಕಾರವು 2021ರ ‘ನಿಪುಣ ಭಾರತ’ ಯೋಜನೆಯಲ್ಲಿ ಇರಿಸಿಕೊಂಡು, 2026-27ನ್ನು ಅದಕ್ಕೆ ಗಡುವಾಗಿ ಗೊತ್ತುಮಾಡಿತು. ಗಡುವು ಮಕ್ಕಳಿಗಲ್ಲ, ದೊಡ್ಡವರಿಗೆಂದು ನೆನಪಿಡಬೇಕು. ಕಾಫಿತೋಟದಿಂದ ಬಂದ ಮಗುವಿಗಾಗಿ ನಾಲ್ಕನೆಯ ತರಗತಿಯಲ್ಲಿಯೂ ಒಂದು ತಟ್ಟೆ ಇಡಲು ಸಾಧ್ಯವಾಗದಿದ್ದರೆ ಹಿಂದಿನ ಮೂರು ವರ್ಷಗಳ ಶ್ರಮ ಅರ್ಧ ನೀರಿನಲ್ಲಿ ಹೋದಂತೆ.

ನಗರದ ಮನೆಗಳಿಗೆ ಇದು ದೂರದ ಮಾತೆಂದು ತೋರಬಹುದು. ನಮ್ಮ ಮಕ್ಕಳ ಶಾಲೆಗಳಲ್ಲಿ ತರಗತಿಗೊಬ್ಬರು ಉಪಾಧ್ಯಾಯಿನಿ, ವಿಷಯಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ಹೊದಿಕೆ. ಅಲ್ಲಿ ಇಡೀ ತರಗತಿ ಒಂದೇ ದಿನ ಹನ್ನೆರಡನೆಯ ಪಾಠಕ್ಕೆ ಬರುತ್ತದೆ. ಆದರೆ ನಲವತ್ತು ಮಕ್ಕಳೂ ಅದೇ ದಿನ ಹನ್ನೆರಡನೆಯ ಪಾಠಕ್ಕೆ ಬಂದಿರುತ್ತಾರೆಯೇ? ಹಿಂದುಳಿದವರಿಗೆ ಸಂಜೆಯ ಮನೆಪಾಠವುಂಟು, ತಾಯಿಯ ಗದರಿಕೆಯುಂಟು. ಆದ್ದರಿಂದ ಅಂತರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಶಾಲೆಯ ಸಭೆಗೆ ಹೋದ ತಂದೆತಾಯಿಗಳು ಸಾಮಾನ್ಯವಾಗಿ “ಪಾಠ ಎಲ್ಲಿಗೆ ಬಂತು?” ಎಂದು ವಿಚಾರಿಸುತ್ತಾರೆ. “ನಮ್ಮ ಮಗು ಎಲ್ಲಿಗೆ ಬಂತು?” ಎಂದು ಕೇಳುವವರು ವಿರಳ. ಕಾಡಂಚಿನ ಶಾಲೆಯ ಗೋಡೆಯ ಮೇಲೆ ಈ ಎರಡನೆಯ ಪ್ರಶ್ನೆಗೆ, ಬಡವರ ಮಕ್ಕಳ ಹೆಸರುಹೆಸರಿಗೂ ದಿನದಿನವೂ ಉತ್ತರ ಬರೆದಿಡುತ್ತಾರೆ. ಕಾಸು ಕೊಟ್ಟು ಓದಿಸುವವರು ತಮ್ಮ ಮಕ್ಕಳ ಶಾಲೆಯಲ್ಲಿ ಅದನ್ನು ಕೇಳಿ ನೋಡಬಹುದು.