ಎರಡು ಕೇಬಲ್ ಹಾಕಿದರೆ ವೇಗ ಎರಡರಷ್ಟಾಗುವುದೇ?

ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯವೊಂದನ್ನು ಊಹಿಸಿಕೊಳ್ಳಿ. ಸಾಲಾಗಿ ಅರವತ್ತು ಕಂಪ್ಯೂಟರುಗಳು, ಮೂಲೆಯ ಕೋಣೆಯಲ್ಲಿ ಒಂದು ಸರ್ವರ್, ಇವೆಲ್ಲವನ್ನೂ ಒಂದಕ್ಕೊಂದು ಜೋಡಿಸುವ ‘ಸ್ವಿಚ್’ ಎಂಬ ಚಪ್ಪಟೆ ಪೆಟ್ಟಿಗೆ. (ಗೋಡೆಯ ಮೇಲಿನ ದೀಪದ ಸ್ವಿಚ್ಚಿಗೂ ಇದಕ್ಕೂ ಹೆಸರಿನ ನಂಟು ಮಾತ್ರ.) ಪ್ರತಿ ಕಂಪ್ಯೂಟರಿನಿಂದ ಸ್ವಿಚ್ಚಿಗೆ ಒಂದು ಕೇಬಲ್, ಸರ್ವರಿನಿಂದಲೂ ಒಂದೇ ಕೇಬಲ್. ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅರವತ್ತು ವಿದ್ಯಾರ್ಥಿಗಳೂ ಒಟ್ಟಿಗೆ ಸರ್ವರಿನ ಬಾಗಿಲು ತಟ್ಟುತ್ತಾರೆ. ಪರದೆಗಳು ಅಲುಗಾಡದೆ ನಿಲ್ಲುತ್ತವೆ. ಸಮಯ ಓಡುತ್ತದೆ.

ಆಗ ಯಾರಿಗಾದರೂ ಹೊಳೆಯುವ ಉಪಾಯ ಒಂದೇ. ಸರ್ವರಿನ ಹಿಂಬದಿಯಲ್ಲಿ ಇನ್ನೊಂದು ಪೋರ್ಟ್ ಖಾಲಿ ಇದೆಯಲ್ಲ, ಅದಕ್ಕೂ ಒಂದು ಕೇಬಲ್ ಸಿಕ್ಕಿಸಿದರೆ ವೇಗ ಎರಡರಷ್ಟಾಗಬಾರದೇಕೆ? ಉಪಾಯ ಸರಿಯಾದದ್ದೇ. ಆದರೆ ‘ಎರಡರಷ್ಟು’ ಎಂಬ ಮಾತನ್ನು ಮಾತ್ರ ಸ್ವಲ್ಪ ತಡೆದು ನೋಡಬೇಕು.

ಈ ಏರ್ಪಾಡಿಗೆ ‘ಲಿಂಕ್ ಅಗ್ರಿಗೇಶನ್’, ಅಂದರೆ ಕೊಂಡಿಗಳ ಕೂಡಿಕೆ ಎಂದು ಹೆಸರು. ಲಿನಕ್ಸ್ ಬಳಸುವವರು ಇದನ್ನು ಬಾಂಡಿಂಗ್ ಎನ್ನುತ್ತಾರೆ, ವಿಂಡೋಸ್ ಬಳಸುವವರು ಟೀಮಿಂಗ್ ಎನ್ನುತ್ತಾರೆ. ಸಿಸ್ಕೋ ಕಂಪನಿಯವರಿಗೆ ಇದು ‘ಈಥರ್‌ಚಾನಲ್’. ಈ ಕೊನೆಯ ಹೆಸರಿನ ಹಿಂದೆ ನಮ್ಮವರಿಗೆ ಕುತೂಹಲ ಹುಟ್ಟಿಸುವ ಕಥೆಯೊಂದಿದೆ. ಅಮೆರಿಕದ ಸಿಲಿಕಾನ್ ಕಣಿವೆಯಲ್ಲಿ ಭಾರತ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಸೇರಿ ಕಟ್ಟಿದ ಕಂಪನಿಗೆ ಭಾರದ್ವಾಜ್ ತಮ್ಮ ಪತ್ನಿಯ ಹೆಸರಿಟ್ಟರು: ಕಲ್ಪನಾ. ಏಳು ಪೋರ್ಟುಗಳ ಈಥರ್‌ನೆಟ್ ಸ್ವಿಚ್ಚನ್ನು 1990ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಈ ಕಲ್ಪನಾ. ಒಂದು ಸ್ವಿಚ್ಚಿಗೂ ಇನ್ನೊಂದಕ್ಕೂ ನಡುವೆ ಒಂದೇ ಕೇಬಲ್ ಸಾಲದಾದಾಗ ಹಲವು ಕೇಬಲುಗಳನ್ನು ಜೊತೆಯಾಗಿ ಎಳೆದು ಒಂದೇ ಕೊಂಡಿಯಂತೆ ನಡೆಸುವ ಈಥರ್‌ಚಾನಲ್ ಕೂಡ ಅಲ್ಲಿಯದೇ. 1994ರಲ್ಲಿ ಸಿಸ್ಕೋ ಆ ಕಂಪನಿಯನ್ನು ಕೊಂಡುಕೊಂಡಿತು.

ಅದೇ 1994ರಲ್ಲಿ, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಎಂಬುವರು ಹದಿನಾರು ಸಾಧಾರಣ ಕಂಪ್ಯೂಟರುಗಳನ್ನು ಜೋಡಿಸಿ ‘ಬಿಯೋವುಲ್ಫ್’ ಎಂಬ ಅಗ್ಗದ ಮಹಾಗಣಕವನ್ನು ಕಟ್ಟುತ್ತಿದ್ದರು. ಅವರಿಗೂ ಇದೇ ತೊಡಕು. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಅಂದಿನ ಕೇಬಲ್ ಆ ಪ್ರೊಸೆಸರುಗಳ ವೇಗಕ್ಕೆ ಸಾಲುತ್ತಿರಲಿಲ್ಲ, ಸ್ವಿಚ್ ಕೊಳ್ಳಲು ಹೋದರೆ ಬೆಲೆ ವಿಪರೀತ. ಬೆಕರ್ ಲಿನಕ್ಸಿನ ಜಾಲ ತಂತ್ರಾಂಶವನ್ನೇ ತಿದ್ದಿ ಬರೆದರು. ಕಳಿಸಬೇಕಾದ ಮಾಹಿತಿಯ ತುಣುಕುಗಳು, ಅಂದರೆ ಪ್ಯಾಕೆಟ್ಟುಗಳು, ಒಂದು ಈ ಕೇಬಲಿಗೆ, ಮುಂದಿನದು ಆ ಕೇಬಲಿಗೆ ಎಂದು ಸರದಿಯ ಮೇಲೆ ಹೊರಟವು. ಲಿನಕ್ಸಿನ ಬಾಂಡಿಂಗ್ ಹುಟ್ಟಿದ್ದು ಹೀಗೆ.

ಇಸ್ಪೀಟು ಹಂಚಿದ ಹಾಗೆ ಹಂಚಿದರೆ ಆಯಿತಲ್ಲ, ಇನ್ನೇನು ತೊಂದರೆ? ತೊಂದರೆ ಇರುವುದು ಕ್ರಮದಲ್ಲಿ. ದೊಡ್ಡ ಪತ್ರವೊಂದರ ಹಾಳೆಗಳನ್ನು ಬೇರೆಬೇರೆ ಲಕೋಟೆಗಳಲ್ಲಿ ಹಾಕಿ, ಒಂದನ್ನು ಬಸ್ಸಿನಲ್ಲಿ, ಇನ್ನೊಂದನ್ನು ರೈಲಿನಲ್ಲಿ ಕಳಿಸಿದಿರಿ ಎನ್ನಿ. ಐದನೆಯ ಹಾಳೆ ನಾಲ್ಕನೆಯದಕ್ಕಿಂತ ಮೊದಲೇ ತಲುಪಬಹುದು. ಕಂಪ್ಯೂಟರುಗಳ ನಡುವೆ ಮಾಹಿತಿಯನ್ನು ಜೋಪಾನವಾಗಿ ಮುಟ್ಟಿಸುವ ಟಿಸಿಪಿ ಎಂಬ ನಿಯಮಾವಳಿ ಸ್ವಲ್ಪ ಅನುಮಾನದ ಸ್ವಭಾವದ್ದು. ನಾಲ್ಕು ಬರುವ ಮೊದಲೇ ಐದು, ಆರು, ಏಳು ಬಂದರೆ ನಾಲ್ಕು ಕಳೆದುಹೋಯಿತೆಂದು ಅದು ತಿಳಿಯುತ್ತದೆ. ಆಗ ಕಳಿಸುವವ ನಾಲ್ಕನೆಯದನ್ನು ಮತ್ತೆ ಕಳಿಸುತ್ತಾನೆ. ಅಷ್ಟೇ ಅಲ್ಲ, ದಾರಿಯಲ್ಲಿ ದಟ್ಟಣೆ ಇದೆಯೆಂದು ತನ್ನ ವೇಗವನ್ನೂ ಇಳಿಸಿಬಿಡುತ್ತಾನೆ. ವೇಗಕ್ಕಾಗಿ ಮಾಡಿದ ಏರ್ಪಾಡೇ ವೇಗಕ್ಕೆ ಅಡ್ಡಿಯಾಗುತ್ತದೆ.

ಆದ್ದರಿಂದ 2000ದಲ್ಲಿ ಐಇಇಇ ಸಂಸ್ಥೆ 802.3 ಎಡಿ ಎಂಬ ಮಾನಕವನ್ನು ತಂದಾಗ (2008ರಿಂದ ಅದರ ಸಂಖ್ಯೆ 802.1 ಎಎಕ್ಸ್) ಒಂದು ಕಟ್ಟುನಿಟ್ಟು ವಿಧಿಸಿತು: ಇಬ್ಬರ ನಡುವಿನ ಒಂದು ಸಂಭಾಷಣೆಯ ಪ್ಯಾಕೆಟ್ಟುಗಳ ಕ್ರಮ ತಪ್ಪಕೂಡದು. ಅದನ್ನು ಪಾಲಿಸುವ ಸುಲಭ ದಾರಿಯೆಂದರೆ ಒಂದು ಸಂಭಾಷಣೆಯನ್ನು ಪೂರ್ತಿಯಾಗಿ ಒಂದೇ ಕೇಬಲಿಗೆ ಒಪ್ಪಿಸುವುದು. ಯಾವ ಕೇಬಲ್ ಎಂಬುದನ್ನು ಪುಟ್ಟ ಲೆಕ್ಕವೊಂದು ತೀರ್ಮಾನಿಸುತ್ತದೆ. ಕಳಿಸುವವನ ಮತ್ತು ಪಡೆಯುವವನ ವಿಳಾಸದ ಅಂಕಿಗಳನ್ನು ಬೆರೆಸಿ, ಕೇಬಲುಗಳ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷವೇ ಉತ್ತರ ಎಂದು ಸ್ಥೂಲವಾಗಿ ತಿಳಿಯಬಹುದು. ಎರಡು ಕೇಬಲ್ ಇದ್ದರೆ ಶೇಷ ಸೊನ್ನೆ ಬಂದವರು ಒಂದನೆಯದಕ್ಕೆ, ಒಂದು ಬಂದವರು ಎರಡನೆಯದಕ್ಕೆ. ಈ ಲೆಕ್ಕಕ್ಕೆ ವಿಳಾಸ ಗೊತ್ತೇ ಹೊರತು ಯಾವ ಕೇಬಲಿನಲ್ಲಿ ಎಷ್ಟು ನೂಕುನುಗ್ಗಲಿದೆ ಎಂಬುದು ಗೊತ್ತಿಲ್ಲ.

ಈಗ ಪ್ರಯೋಗಾಲಯಕ್ಕೆ ಹಿಂದಿರುಗೋಣ. ಅರವತ್ತು ಕಂಪ್ಯೂಟರುಗಳ ವಿಳಾಸಗಳು ಬೇರೆಬೇರೆ ತಾನೆ? ಹೆಚ್ಚುಕಡಿಮೆ ಅರ್ಧದಷ್ಟು ಒಂದು ಕೇಬಲಿಗೆ, ಉಳಿದರ್ಧ ಇನ್ನೊಂದಕ್ಕೆ ಬೀಳುತ್ತವೆ. ಒಂಬತ್ತು ಗಂಟೆಯ ನೂಕುನುಗ್ಗಲಿಗೆ ಎರಡನೆಯ ಕೇಬಲ್ ನಿಜಕ್ಕೂ ಪರಿಹಾರ. ಆದರೆ ಅದೇ ಸರ್ವರಿನಿಂದ ರಾತ್ರಿ 45 ಗಿಗಾಬೈಟಿನ ದೊಡ್ಡ ಕಡತವೊಂದರ ಪ್ರತಿಯನ್ನು ಇನ್ನೊಂದು ಯಂತ್ರಕ್ಕೆ ತೆಗೆದಿಡಬೇಕಾಗಿದೆ ಎನ್ನಿ. ಒಂದು ಗಿಗಾಬಿಟ್ ಕೇಬಲ್ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಸಾಗಿಸುತ್ತದೆ. ಒಂದು ಕೇಬಲ್ ಇದ್ದಾಗ ಕನಿಷ್ಠ ಆರು ನಿಮಿಷ. ಎರಡು ಹಾಕಿದರೆ? ಆಗಲೂ ಆರು ನಿಮಿಷವೇ! ನಾಲ್ಕು ಹಾಕಿದರೂ ಅಷ್ಟೇ. ಅದು ಒಂದೇ ಸಂಭಾಷಣೆ, ಅದಕ್ಕೆ ಸಿಗುವುದು ಒಂದೇ ಕೇಬಲ್. ಇದು ಎರಡೆತ್ತು ಹೂಡಿದ ಒಂದು ಗಾಡಿಯಲ್ಲ, ಎರಡು ಒಂಟೆತ್ತಿನ ಗಾಡಿಗಳು. ಒಂದೇ ದಿಮ್ಮಿಯನ್ನು ಸಾಗಿಸಲು ಎರಡನೆಯ ಗಾಡಿ ಬಂದು ಪ್ರಯೋಜನವಿಲ್ಲ. ಅಂಥ ಕೆಲಸವೇ ಮುಖ್ಯವಾದರೆ ಎರಡೂ ಯಂತ್ರಗಳಿಗೆ 10 ಗಿಗಾಬಿಟ್ಟಿನ ಕಾರ್ಡು, ಅದಕ್ಕೆ ತಕ್ಕ ಸ್ವಿಚ್ ಕೊಳ್ಳುವುದೇ ಮೇಲು.

ಇನ್ನೊಂದು ಗುಂಡಿಯೂ ಇದೆ. ಪ್ರಯೋಗಾಲಯದ ಕಂಪ್ಯೂಟರುಗಳು ಬೇರೊಂದು ಕಟ್ಟಡದಲ್ಲಿದ್ದು, ರೂಟರ್ ಎಂಬ ಯಂತ್ರದ ಮೂಲಕ ಸರ್ವರನ್ನು ತಲುಪುತ್ತಿದ್ದರೆ, ಆ ಯಂತ್ರ ಪ್ರತಿ ಪ್ಯಾಕೆಟ್ಟಿನ ಮೇಲೂ ತನ್ನದೇ ಯಂತ್ರವಿಳಾಸ ಬರೆಯುತ್ತದೆ. ಲೆಕ್ಕ ಬರೀ ಯಂತ್ರವಿಳಾಸವನ್ನು ನೋಡುವಂಥದ್ದಾದರೆ ಅರವತ್ತು ಮಂದಿಗೂ ಒಂದೇ ಶೇಷ! ಒಂದು ಕೇಬಲ್ ಏದುಸಿರು ಬಿಡುತ್ತಿರುತ್ತದೆ, ಪಕ್ಕದ್ದು ಸುಮ್ಮನೆ ಮಲಗಿರುತ್ತದೆ. ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳನ್ನೂ ಲೆಕ್ಕಕ್ಕೆ ಸೇರಿಸುವಂತೆ ಹೇಳಿದರೆ ಇದು ಸರಿಹೋಗುತ್ತದೆ. ಆದರೆ ಹೇಳಬೇಕಾದ್ದು ಎರಡು ಕಡೆ. ಸರ್ವರಿನಿಂದ ಹೊರಡುವುದಕ್ಕೆ ಸರ್ವರ್ ಲೆಕ್ಕ ಹಾಕುತ್ತದೆ, ಸರ್ವರಿನತ್ತ ಬರುವುದಕ್ಕೆ ಸ್ವಿಚ್ ತನ್ನದೇ ಲೆಕ್ಕ ಹಾಕುತ್ತದೆ.

ವೇಗದ ಮಾತು ಹೀಗಾದರೆ, ಎರಡನೆಯ ಕೇಬಲಿನ ನಿಜವಾದ ಬೆಲೆ ತಿಳಿಯುವುದು ಮೊದಲನೆಯದು ಕೈಕೊಟ್ಟಾಗ. ಕೇಬಲಿನ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದು ಅದು ಸಡಿಲವಾಗುವುದು ಎಲ್ಲೆಲ್ಲೂ ಕಾಣುವ ಸಂಗತಿ. ಆಗ ಎಲ್ಲ ಸಂಭಾಷಣೆಗಳೂ ಉಳಿದ ಕೇಬಲಿಗೆ ವರ್ಗವಾಗುತ್ತವೆ. ಪರೀಕ್ಷೆ ಬರೆಯುತ್ತಿರುವವರಿಗೆ ಒಂದು ಕ್ಷಣದ ತಡೆ ತಿಳಿದರೆ ಹೆಚ್ಚು. ಎರಡೂ ತುದಿಗಳು ಎಲ್‌ಎಸಿಪಿ ಎಂಬ ನಿಯಮದಂತೆ ಸೆಕೆಂಡಿಗೊಮ್ಮೆ ಅಥವಾ ಮೂವತ್ತು ಸೆಕೆಂಡಿಗೊಮ್ಮೆ ‘ಇದ್ದೀಯಾ?’ ‘ಇದ್ದೇನೆ’ ಎಂದು ಪರಸ್ಪರ ವಿಚಾರಿಸಿಕೊಳ್ಳುತ್ತವೆ. ಕೇಬಲ್ ಕಿತ್ತು ಬಂದರೆ ತಕ್ಷಣ ಗೊತ್ತಾಗುತ್ತದೆ. ಆದರೆ ನಡುವೆ ಬೇರೊಂದು ಉಪಕರಣವಿದ್ದು, ಕೊಂಡಿ ಸತ್ತರೂ ದೀಪ ಉರಿಯುತ್ತಲೇ ಇದ್ದರೆ ಈ ವಿಚಾರಣೆಯೇ ಗತಿ. ಮೂರು ಸಲ ಉತ್ತರ ಬಾರದಿದ್ದರೆ ಆ ಕೊಂಡಿಯನ್ನು ಕೈಬಿಡಲಾಗುತ್ತದೆ, ಅಂದರೆ 3 ಸೆಕೆಂಡಿಗೆ ಅಥವಾ 90 ಸೆಕೆಂಡಿಗೆ. ಪರೀಕ್ಷಾ ಕೊಠಡಿಯಲ್ಲಿ ತೊಂಬತ್ತು ಸೆಕೆಂಡು ಎಷ್ಟು ದೀರ್ಘವೆಂದು ವಿದ್ಯಾರ್ಥಿಗಳನ್ನು ಕೇಳಿದರೆ ಹೇಳುತ್ತಾರೆ! ಸರ್ವರಿನಲ್ಲಿ ಮಾತ್ರ ಕೂಡಿಕೆ ಮಾಡಿ ಸ್ವಿಚ್ಚಿಗೆ ತಿಳಿಸದಿದ್ದರೆ ಇನ್ನೊಂದು ಫಜೀತಿ. ಒಂದೇ ವಿಳಾಸ ಒಮ್ಮೆ ಈ ಪೋರ್ಟಿನಲ್ಲಿ, ಒಮ್ಮೆ ಆ ಪೋರ್ಟಿನಲ್ಲಿ ಕಂಡು ಸ್ವಿಚ್ ಗಲಿಬಿಲಿಗೊಳ್ಳುತ್ತದೆ.

ಈ ಸೌಕರ್ಯದಲ್ಲೇ ಒಂದು ಅಪಾಯವೂ ಅಡಗಿದೆ. ಒಂದು ಕೇಬಲ್ ಸತ್ತರೂ ಕೆಲಸ ನಡೆಯುವುದರಿಂದ ಸತ್ತದ್ದು ಯಾರ ಗಮನಕ್ಕೂ ಬರುವುದಿಲ್ಲ. ಜೂನಿನಲ್ಲಿ ಹೋದ ಕೇಬಲಿನ ಸುದ್ದಿ, ಡಿಸೆಂಬರಿನ ಪರೀಕ್ಷೆಯ ದಿನ ಎರಡನೆಯದೂ ಹೋದಾಗ ತಿಳಿಯಬಹುದು. ಎರಡು ಕೇಬಲುಗಳನ್ನು ಒಂದೇ ಪೈಪಿನಲ್ಲಿ ಎಳೆದಿದ್ದರೆ ಒಂದು ಇಲಿ ಸಾಕು. ಎರಡೂ ಒಂದೇ ಸ್ವಿಚ್ಚಿಗೆ ಹೋಗಿದ್ದು ಆ ಸ್ವಿಚ್ಚೇ ಕೆಟ್ಟರೆ ಎಷ್ಟು ಕೇಬಲ್ ಇದ್ದರೂ ಒಂದೇ. ಒಂದನ್ನು ಬೇರೆ ಸ್ವಿಚ್ಚಿಗೆ ಕೊಟ್ಟು, ಮೊದಲನೆಯದು ಹೋದಾಗ ಮಾತ್ರ ಅದು ಏಳುವಂತೆ ಮಾಡುವ ಕ್ರಮವೂ ಉಂಟು. ಅದರಲ್ಲಿ ವೇಗ ಹೆಚ್ಚುವುದಿಲ್ಲ, ಭದ್ರತೆ ಹೆಚ್ಚುತ್ತದೆ. ಪರೀಕ್ಷೆ ನಡೆಸುವ ಸರ್ವರಿಗೆ ಇದೇ ಒಳ್ಳೆಯದೆನ್ನಬೇಕು.

ಯಾವ ಕ್ರಮವನ್ನೇ ಹಿಡಿದರೂ ಪರೀಕ್ಷೆಗೆ ಮುಂಚಿನ ರಜಾದಿನವೊಂದರಲ್ಲಿ ಪ್ರಯೋಗಾಲಯದವರು ಮಾಡಬಹುದಾದ ಸುಲಭ ಪ್ರಯೋಗವಿದೆ. ಒಂದು ಕಂಪ್ಯೂಟರಿನಲ್ಲಿ ಕೆಲಸ ನಡೆಯುತ್ತಿರುವಾಗಲೇ ಸರ್ವರಿನ ಒಂದು ಕೇಬಲನ್ನು ಕೀಳಬೇಕು. ಕೆಲಸ ನಿಲ್ಲದಿದ್ದರೆ ಅದನ್ನು ಮತ್ತೆ ಸಿಕ್ಕಿಸಿ, ದೀಪ ಬಂದು ಒಂದೆರಡು ನಿಮಿಷ ಕಳೆದ ಮೇಲೆ ಇನ್ನೊಂದನ್ನು ಕೀಳಬೇಕು. ಈ ಎರಡನೆಯ ಸಲದ ಕೀಳುವಿಕೆಯನ್ನು ಬಹಳ ಮಂದಿ ಮರೆಯುತ್ತಾರೆ.