ಕಾರಿಗೆ ಬಂದ ನೆಗಡಿ

ಕಾಫಿ ಕುಡಿಯುವ ಮನೆಗಳಲ್ಲಿ ಒಂದು ಪೇಚು ಸರ್ವಸಾಮಾನ್ಯ. ನೆಂಟರು ಬಂದು ಕುಳಿತಿರುತ್ತಾರೆ; ಹಾಲು ಕಾದಿರುತ್ತದೆ; ಡಿಕಾಕ್ಷನ್ ಮಾತ್ರ ಇಳಿಯಲೊಲ್ಲದು. ನುಣ್ಣನೆಯ ಪುಡಿ ಸೇರಿ ಫಿಲ್ಟರಿನ ಕಣ್ಣುಗಳು ಕಟ್ಟಿಕೊಂಡಿರುತ್ತವೆ. ಅನುಭವಸ್ಥೆಯಾದ ಗೃಹಿಣಿ ಅಂಥ ಫಿಲ್ಟರನ್ನು ಎಸೆಯುವುದಿಲ್ಲ. ಮೊಳೆಯಿಂದ ಅದರ ತಳಕ್ಕೆ ದೊಡ್ಡ ತೂತು ಹೊಡೆಯುವುದೂ ಇಲ್ಲ. ಬಿಡುವಾದಾಗ ಆ ತಳವನ್ನು ಒಲೆಯ ಉರಿಗೆ ಹಿಡಿಯುತ್ತಾಳೆ. ಕಟ್ಟಿಕೊಂಡದ್ದು ಸುಟ್ಟು ಉದುರುತ್ತದೆ, ಕಣ್ಣು ತೆರೆಯುತ್ತದೆ. ಇಂದಿನ ಡೀಸೆಲ್ ಕಾರಿನ ಸೈಲೆನ್ಸರಿನ ದಾರಿಯಲ್ಲಿ ಕುಳಿತಿರುವ ಫಿಲ್ಟರೂ ಇದೇ ಜಾತಿಯದು. ಅದಕ್ಕೂ ಕಣ್ಣು ಕಟ್ಟುತ್ತದೆ. ಅದಕ್ಕೂ ಉರಿಯೇ ಮದ್ದು. ಈ ಒಂದು ಸಂಗತಿ ತಿಳಿಯದ ಕಾರಣ ಸಂಸಾರದ ಹಣವೂ ನೆಮ್ಮದಿಯೂ ರಸ್ತೆಯ ಪಾಲಾಗುವುದುಂಟು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಇಲ್ಲಿ ಮನೆ, ಅಲ್ಲಿ ಉದ್ಯೋಗ. ಅಲ್ಲಿ ಅಂಗಡಿ, ಇಲ್ಲಿ ಮಕ್ಕಳ ಕಾಲೇಜು. ಹೀಗೆ ಎರಡೂ ಊರುಗಳನ್ನು ಒಂದೇ ಮನೆಯ ಪಡಸಾಲೆ ಹಿತ್ತಿಲುಗಳಂತೆ ಬಳಸುವ ಕುಟುಂಬಗಳುಂಟು. ಅಂಥ ಮನೆಯ ಯಜಮಾನರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಬೆಳಗ್ಗೆ ಹಳೆಯ ಪಿ.ಬಿ. ರಸ್ತೆಯಲ್ಲಿ ನಿಂತು ನಿಂತು ಊರು ದಾಟುತ್ತಾರೆ. ಹರಿಹರ ತಲಪಿ ಎಂಜಿನ್ ಆರಿಸುತ್ತಾರೆ. ಸಂಜೆ ಅದೇ ದಾರಿಯಲ್ಲಿ ಮರಳುತ್ತಾರೆ. ಒಂದು ದಿನ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಗಾಡಿ ಚೆನ್ನಾಗಿಯೇ ಓಡುತ್ತಿದೆಯಲ್ಲ ಎಂದು ಸುಮ್ಮನಾಗುತ್ತಾರೆ. ವಾರ ಕಳೆದು, ಹೆಂಡತಿ ಮಕ್ಕಳೊಡನೆ ಹೊರಟ ದಿನವೇ, ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕುವ ಹೊತ್ತಿಗೆ ಕಾರು ಇದ್ದಕ್ಕಿದ್ದಂತೆ ಸತ್ವಗುಂದುತ್ತದೆ. ಎಷ್ಟು ತುಳಿದರೂ ವೇಗವಿಲ್ಲ. ‘ಪಿಕಪ್ಪೇ ಇಲ್ಲ’ ಎಂದು ಚಾಲಕರು ಹೇಳುವ ಸ್ಥಿತಿ ಇದು. ಹಿಂದೆ ಹಾರನ್ನು, ಪಕ್ಕದಲ್ಲಿ ಲಾರಿ, ಒಳಗೆ ಗಾಬರಿ.

ಇದರ ಮೂಲವನ್ನು ಹುಡುಕಿದರೆ 2020ಕ್ಕೆ ಹೋಗಬೇಕು. ಆ ವರ್ಷದ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ 6ರ ನಿಯಮ ಜಾರಿಗೆ ಬಂದಿತು. ಡೀಸೆಲ್ ಕಾರು ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಉಗುಳಬಹುದಾದ ಕಣಗಳ ಮಿತಿ ಹಿಂದಿನ ನಿಯಮದಲ್ಲಿ 25 ಮಿಲಿಗ್ರಾಂ ಇದ್ದದ್ದು 4.5 ಮಿಲಿಗ್ರಾಮಿಗೆ ಇಳಿಯಿತು. ಈ ಮಿತಿಯನ್ನು ಮುಟ್ಟಲೆಂದು ಕಾರುಗಳಿಗೆ ಬಂದದ್ದೇ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. ಗ್ಯಾರೇಜಿನ ಮಾತಿನಲ್ಲಿ ಡಿ.ಪಿ.ಎಫ್. ಫ್ರಾನ್ಸಿನ ಪೆಜೊ ಕಂಪನಿ 2000ದಲ್ಲಿಯೇ ಇದನ್ನು ತನ್ನ ಕಾರಿಗೆ ಅಳವಡಿಸಿತ್ತು. ಪಿಂಗಾಣಿಯ ಜಾತಿಯ ವಸ್ತುವಿನಿಂದ ಮಾಡಿದ ಜೇನುಗೂಡಿನಂಥ ರಚನೆ ಅದು. ಉದ್ದನೆಯ ಸಣ್ಣ ಸಣ್ಣ ಕೊಳವೆಗಳು. ಒಂದರ ಬಾಯಿ ಈ ತುದಿಯಲ್ಲಿ ಮುಚ್ಚಿದ್ದರೆ ಪಕ್ಕದ್ದರ ಬಾಯಿ ಆ ತುದಿಯಲ್ಲಿ ಮುಚ್ಚಿರುತ್ತದೆ. ಹೊಗೆ ನೇರವಾಗಿ ಹೋಗಲಾರದೆ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಬೇಕಾಗುತ್ತದೆ. ಮಸಿ ಗೋಡೆಯಲ್ಲಿಯೇ ಉಳಿಯುತ್ತದೆ.

ಹೀಗೆ ಕೂಡಿದ ಮಸಿಯನ್ನು ಕಾರು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ 600 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಕಾವು ಬೇಕು. ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿಯ ಉದಾಹರಣೆ ಸಾಕು. ಮರಳು ಹದವಾಗಿ ಕಾಯದೆ ಅಕ್ಕಿ ಅರಳದು; ಅರೆಗಾವಿನಲ್ಲಿ ಎಷ್ಟು ಹೊತ್ತು ಹುರಿದರೂ ಅದು ಕೆಂಪಾದೀತೇ ಹೊರತು ಮಂಡಕ್ಕಿಯಾಗದು. ಹೆದ್ದಾರಿಯಲ್ಲಿ ಸಮವೇಗದಿಂದ ಓಡುವಾಗ ಮಸಿ ಕೆಲಮಟ್ಟಿಗೆ ತಾನಾಗಿಯೇ ಕರಗುತ್ತದೆ. ಅದು ಸಾಲದಾದಾಗ ಕಾರಿನೊಳಗಿನ ಕಂಪ್ಯೂಟರ್ ಹೆಚ್ಚಿನ ಡೀಸೆಲ್ ಚಿಮ್ಮಿಸಿ ಕಾವನ್ನು ಏರಿಸುತ್ತದೆ. ಈ ಕೆಲಸ ಮುಗಿಯಲು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, 10ರಿಂದ 20 ನಿಮಿಷಗಳ ಅಡೆತಡೆಯಿಲ್ಲದ ಓಟ ಬೇಕು.

ದಾವಣಗೆರೆ-ಹರಿಹರದ ದಾರಿ ಎಡವುವುದು ಇಲ್ಲಿಯೇ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಅರ್ಧ ದಾರಿ ಸವೆದಿರುತ್ತದೆ. ಉರಿ ಹತ್ತುವಷ್ಟರಲ್ಲಿ ಊರು ಬಂದಿರುತ್ತದೆ. ಯಜಮಾನರು ಕೀಲಿ ತಿರುಗಿಸಿ ಇಳಿದುಬಿಡುತ್ತಾರೆ. ಅರ್ಧಕ್ಕೆ ನಂದಿದ ಉರಿಯಿಂದ ಮಸಿ ಹಾಗೆಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಸುಡಲೆಂದು ಚಿಮ್ಮಿಸಿದ ಡೀಸೆಲ್ಲಿನ ಒಂದಂಶ ಎಂಜಿನ್ ಆಯಿಲಿಗೆ ಬೆರೆತು ಅದನ್ನು ತೆಳ್ಳಗಾಗಿಸುವುದೂ ಉಂಟು.

ಮೊದಲು ಹೊತ್ತುವ ಹಳದಿ ದೀಪ ಕೇಳುವುದು ಒಂದು ದೀರ್ಘ ಓಟವನ್ನು. ಅಂದು ಹರಿಹರದಲ್ಲಿ ನಿಲ್ಲದೆ ತುಂಗಭದ್ರೆಯ ಸೇತುವೆ ದಾಟಿ ರಾಣೆಬೆನ್ನೂರಿನ ತನಕ, ಇಲ್ಲವೇ ಇತ್ತ ಚಿತ್ರದುರ್ಗದ ಕಡೆಗೆ, ಗಂಟೆಗೆ 60ರಿಂದ 80 ಕಿಲೋಮೀಟರ್ ವೇಗದಲ್ಲಿ, ಒಂದು ಗೇರು ಕೆಳಗಿಟ್ಟು ಎಂಜಿನ್ ತುಸು ಚುರುಕಾಗಿ ತಿರುಗುವಂತೆ ಓಡಿಸಿ ಬಂದರೆ ಸಾಮಾನ್ಯವಾಗಿ ದೀಪ ಆರುತ್ತದೆ. ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಬೇಕು. ನಿಲ್ಲಿಸಿದಾಗ ಫ್ಯಾನು ಜೋರಾಗಿ ತಿರುಗುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಒಳಗೆ ಉರಿ ಇನ್ನೂ ನಡೆದಿದೆಯೆಂದು ತಿಳಿಯಬೇಕು. ಆಗ ಇನ್ನೂ ನಾಲ್ಕು ಮೈಲಿ ಸುತ್ತಿ ಬರುವುದು ಲೇಸು. ಕ್ರಮ ಕಾರಿನಿಂದ ಕಾರಿಗೆ ತುಸು ಬೇರೆಯಾಗುವುದರಿಂದ, ಖರೀದಿಯ ದಿನ ಕೊಟ್ಟ ಪುಸ್ತಕವನ್ನು ಒಮ್ಮೆಯಾದರೂ ತೆರೆದು ನೋಡುವುದು ವಿವೇಕ.

ಬಲವೇ ಕುಂದಿದ ಮೇಲೆ ಈ ಉಪಾಯ ನಡೆಯದು. ಮಸಿ ಮಿತಿಮೀರಿದಾಗ ಹೊಗೆ ಹೊರಹೋಗಲಾರದೆ ಎಂಜಿನ್ನಿಗೇ ಎದುರೊತ್ತುತ್ತದೆ. ಅಷ್ಟೊಂದು ಮಸಿಗೆ ಒಮ್ಮೆಲೇ ಉರಿ ಹತ್ತಿದರೆ ಕಾವು ಕೈಮೀರಿ ಫಿಲ್ಟರೇ ಬಿರಿಯಬಹುದು. ಆದುದರಿಂದ ಕಂಪ್ಯೂಟರ್ ವೇಗವನ್ನು ಕಟ್ಟಿಹಾಕಿ ಕಾರನ್ನು ಕುಂಟಿಸುತ್ತದೆ. ಈ ಕುಂಟು ನಡೆ ಕಾರಿನ ಆತ್ಮರಕ್ಷಣೆ. ಹಟ ಹಿಡಿದು ಆಕ್ಸಿಲರೇಟರ್ ತುಳಿದು ಪ್ರಯೋಜನವಿಲ್ಲ.

ಆಗ ಮೊದಲ ಚಿಂತೆ ಜನರದು, ಕಾರಿನದು ಆಮೇಲೆ. ಕಾರನ್ನು ಎಡಕ್ಕೆ, ಸಾಧ್ಯವಾದರೆ ಸರ್ವಿಸ್ ರಸ್ತೆಗೆ ಇಳಿಸಿ ನಾಲ್ಕೂ ಇಂಡಿಕೇಟರುಗಳನ್ನು ಹಾಕಬೇಕು. ಕೆಂಪು ತ್ರಿಕೋನವನ್ನು 50 ಮೀಟರಾದರೂ ಹಿಂದೆ ಇಡಬೇಕು. ಮಕ್ಕಳನ್ನೂ ವೃದ್ಧರನ್ನೂ ಕಾರಿನಲ್ಲಿ ಕೂರಿಸದೆ ತಡೆಗಂಬಿಯ ಆಚೆ ನಿಲ್ಲಿಸಬೇಕು. ಬಿಸಿಯಾದ ಸೈಲೆನ್ಸರಿನ ಕೆಳಗೆ ಒಣಹುಲ್ಲು, ಒಕ್ಕಣೆಗೆ ಹರಡಿದ ಪೈರು, ಮೆಕ್ಕೆಜೋಳದ ಒಣಸಿಪ್ಪೆ ಇರದಂತೆ ನೋಡಬೇಕು. ಆ ಕಾವಿಗೆ ಕಿಡಿ ಬೇಕಿಲ್ಲ. ಈ ದಾರಿ ರಾಷ್ಟ್ರೀಯ ಹೆದ್ದಾರಿ 48. ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಗೆ ಹಗಲಿರುಳೂ ಕರೆ ಮಾಡಬಹುದು, ಪ್ರಾಣಾಪಾಯವಿದ್ದರೆ 112. ವಿಮೆಯ ಪತ್ರದಲ್ಲಿ ರಸ್ತೆ ನೆರವು ಸೇರಿದೆಯೇ ಎಂಬುದನ್ನು ಮನೆಯಲ್ಲಿದ್ದಾಗಲೇ ನೋಡಿಟ್ಟುಕೊಂಡಿರಬೇಕು. ಕಾರನ್ನು ಎಳೆಸುವುದಕ್ಕಿಂತ, ನಾಲ್ಕೂ ಗಾಲಿಗಳು ನೆಲಬಿಟ್ಟಿರುವಂತೆ ಹೊತ್ತೊಯ್ಯುವ ಗಾಡಿ ಮೇಲು. ತಾನೇ ಗೇರು ಬದಲಿಸುವ ಕಾರುಗಳ ಗೇರುಪೆಟ್ಟಿಗೆ ಎಳೆತದಿಂದ ಕೆಡುವ ಸಂಭವವುಂಟು.

ಹರಿಹರ ಯಂತ್ರವನ್ನರಿಯದ ಊರಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿದ್ದವು. ಆ ಕಾರ್ಖಾನೆ ಇಂದಿಲ್ಲ. ಯಂತ್ರದ ಸದ್ದನ್ನು ಕೇಳಿಯೇ ಅದರ ಜಾಡ್ಯ ಹೇಳುವ ವಿದ್ಯೆ ಅಂಥ ಕಾರ್ಖಾನೆಗಳ ಕುಶಲಿಗಳದು. ಆದರೆ ಈ ರೋಗ ಕಿವಿಗೆ ಸಿಕ್ಕುವಂಥದಲ್ಲ. ಸ್ಕ್ಯಾನರ್ ಜೋಡಿಸಿ, ಎಷ್ಟು ಮಸಿ ಕೂಡಿದೆ, ಒತ್ತಡವೆಷ್ಟು ಎಂಬುದನ್ನು ಓದಬೇಕು. ಮಸಿ ಮಿತಿಯಲ್ಲಿದ್ದರೆ ನಿಂತಲ್ಲಿಯೇ ಅದನ್ನು ಸುಡಿಸುವ ಕ್ರಮವುಂಟು; ಮೀರಿದ್ದರೆ ಫಿಲ್ಟರನ್ನು ಬಿಚ್ಚಿ ತೊಳೆಸಬೇಕು. ಇದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ, ಮಸಿ ಏಕೆ ಕೂಡಿತು ಎಂಬುದು. ಸೋರುವ ಇಂಜೆಕ್ಟರ್, ಬಿರಿದ ಟರ್ಬೊ ಪೈಪು, ಸುಳ್ಳು ಹೇಳುವ ಸೆನ್ಸರ್, ಇವುಗಳಲ್ಲಿ ಒಂದಿದ್ದರೂ ತೊಳೆದ ಫಿಲ್ಟರ್ ತಿಂಗಳೊಳಗೆ ಮತ್ತೆ ಕಟ್ಟೀತು. ಕೆಲವೊಮ್ಮೆ ಬಲ ಕುಂದಿರುವುದು ಡೀಸೆಲ್ ಸೋಸುವ ಫಿಲ್ಟರಿಗೆ ನೀರು ಸೇರಿ, ಅಥವಾ ಗಾಳಿಯ ಫಿಲ್ಟರಿಗೆ ಧೂಳು ತುಂಬಿ. ಆಗ ಚಿಕಿತ್ಸೆ ಬೇರೆ, ಖರ್ಚು ಅತ್ಯಲ್ಪ. ರೋಗ ಯಾವುದೆಂದು ನಿಶ್ಚಯವಾಗದೆ ಔಷಧಿ ಕೊಳ್ಳಬಾರದು.

ಹೊಸ ಫಿಲ್ಟರಿನ ಬೆಲೆ ಕೇಳಿದೊಡನೆ ಯಜಮಾನರ ಮುಖ ಬಾಡುತ್ತದೆ. ಆ ಕ್ಷಣದಲ್ಲಿಯೇ ಗ್ಯಾರೇಜಿನ ಮೂಲೆಯಿಂದ ಒಂದು ಸಲಹೆ ಬರುವುದುಂಟು: “ತೆಗೆಸಿಬಿಡ್ರಿ ಸಾರ್, ಎಲ್ಲಾ ರಗಳೆ ಇದ್ರಿಂದಾನೇ. ಒಳಗಿಂದು ಕಿತ್ತು ಖಾಲಿ ಡಬ್ಬಿ ಕೂಡಿಸಿ ಕೊಡ್ತೀವಿ.” ಯಜಮಾನರು ತಲೆಯಾಡಿಸುವಷ್ಟರಲ್ಲಿ, ಪಕ್ಕದಲ್ಲಿ ನಿಂತ ಅವರ ಮನೆಯಾಕೆ ಕೇಳಿದರೆ ಆಶ್ಚರ್ಯವಿಲ್ಲ: “ಫಿಲ್ಟರ್ ಕಟ್ಟಿತು ಅಂತ ತಳಾನೇ ಕಿತ್ತರೆ ಪುಡಿಯೆಲ್ಲ ಲೋಟಕ್ಕೆ ಬರೋದಿಲ್ವೇನ್ರೀ?”

ಪ್ರಶ್ನೆ ಸರಿಯಾದದ್ದೇ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರೆ ನೆಗಡಿಯ ಕಾಟವೇನೋ ತಪ್ಪೀತು. ಕಿತ್ತ ಮೇಲೆ ಕಾರು ಚುರುಕಾಗಿಯೇ ಓಡಬಹುದು. ಆದರೆ ಇದುವರೆಗೆ ಜೇನುಗೂಡಿನಲ್ಲಿ ನಿಲ್ಲುತ್ತಿದ್ದ ಮಸಿ ಹಿಂದೆ ಬರುವವರ ಉಸಿರಿಗೆ ಹೋಗುತ್ತದೆ. ಆ ಹಿಂದೆ ಬರುವವರಲ್ಲಿ ಪಿ.ಬಿ. ರಸ್ತೆಯಲ್ಲಿ ಸೈಕಲ್ಲು ತುಳಿಯುವ ಶಾಲೆಯ ಮಕ್ಕಳಿರುತ್ತಾರೆ. ಯಜಮಾನರ ಮಗನೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಕಾನೂನೂ ಇದಕ್ಕೆ ಒಪ್ಪದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಗೊತ್ತುಮಾಡಿದ ರಚನೆಯನ್ನು ಮಾಲೀಕನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ.

ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ ಕಾರು ಕೊಳ್ಳುವ ಮುಂಚಿನದು. ದಿನಕ್ಕೆ 14 ಕಿಲೋಮೀಟರ್ ಹೋಗಿ 14 ಕಿಲೋಮೀಟರ್ ಬರುವವರು, ಡೀಸೆಲ್ಲಿನಿಂದ ಲೀಟರಿಗೆ ಉಳಿಯುವ ನಾಲ್ಕು ಕಾಸನ್ನು ಎಣಿಸುವ ಮೊದಲು ತಮ್ಮ ದಾರಿಯ ಉದ್ದವನ್ನು ಎಣಿಸುವುದು ಒಳ್ಳೆಯದು. ಅಂಥ ದಾರಿಗೆ ಪೆಟ್ರೋಲಿನ ಕಾರೇ ಒಪ್ಪುವಂಥದು. ಈಗಾಗಲೇ ಕೊಂಡವರಿಗೆ ಒಂದು ಸುಲಭದ ವ್ರತವುಂಟು. ತಿಂಗಳಿಗೆರಡು ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಿತ್ರದುರ್ಗದ ಕೋಟೆಯ ತನಕ ಹೋಗಿಬಂದರೆ ಕಾರಿನ ಮೂಗು ಕಟ್ಟುವುದು ಬಹಳಮಟ್ಟಿಗೆ ತಪ್ಪುತ್ತದೆ. ಮಕ್ಕಳು ಈ ಚಿಕಿತ್ಸೆಗೆ ಎಂದೂ ಬೇಡವೆನ್ನಲಾರರು.